ಅರಮನೆ ಸ್ಟಾಪು

ಇಪ್ಪತ್ತೆರಡು ವರ್ಷ, ದಿನಕ್ಕೆ ನಾಲ್ಕು ಟ್ರಿಪ್ಪು
ಕುಮಟಾ-ಗೋಕರ್ಣ, ಗೋಕರ್ಣ-ಕುಮಟಾ
'ಯಾರ್ರೀ ನೆಲಮಕ್ಕಿ ಅರಮನೇ...' ಎಂದು ಕೂಗಿದ್ದೇನೆ.
ಇಳಿಯುವವರು ಇಳಿದರು. ನಾನು ಸೀಟಿ ಊದಿದೆ.

ಇವತ್ತು ಬೆಲ್ಟು ಹರಿದು ಬಸ್ಸು ಅಲ್ಲೇ ನಿಂತಿತು.
ಡಿಪೋದಿಂದ ಮೆಕ್ಯಾನಿಕ್ ಬರಲು ಒಂದು ತಾಸು.
ಬಾನೆಟ್ಟಿನ ಮೇಲೆ ಕಾಲು ಚಾಚಿ
ಡ್ರೈವರ್ ಜಟ್ಟಿ ಅಂಬಿಗ ಅಂದ:
'ನೋಡ್ಕಂಡು ಬಾ ಮಾರಾಯ,
ಅಷ್ಟು ವರ್ಷದಿಂದ ಕರೀತಾ ಇದ್ದೆ. ಅದಂತೂ ಬರಲಿಲ್ಲ.'

ಟಿಕೆಟ್ಟು ಇಪ್ಪತ್ತು ರೂಪಾಯಿ.
ಐವತ್ತರ ನೋಟಿಗೆ ಗೇಟಿನ ಹುಡುಗ
ಡ್ರಾಯರು ಎಳೆದ, ತಡಕಿದ, ತಳ್ಳಿದ,
ಟಿಕೆಟ್ಟಿನ ಬೆನ್ನಿಗೆ ೩೦ ಎಂದು ಗೀಚಿದ.
'ಹೋಗುವಾಗ ಇಸ್ಕೊಳ್ಳಿ.'
ಥೇಟು ನನ್ನದೇ ಅಕ್ಷರ, ನನ್ನದೇ ದನಿ.
ಆ ಕಾಗದವನ್ನು ಜನ ಯಾಕೆ ಅಷ್ಟು ಬಿಗಿಯಾಗಿ ಹಿಡಿದಿರುತ್ತಾರೆಂದು
ಬೆರಳಿಗೆ ಇವತ್ತು ಗೊತ್ತಾಯಿತು.

ಒಳಗೆ ಚಿತ್ರಗಳ ಸಾಲು.
ಜರಿ ರುಮಾಲು, ಕತ್ತಿಯ ಹಿಡಿ, ಒಂದೇ ಅಚ್ಚಿನ ಮೀಸೆ.
ಅಭ್ಯಾಸಬಲ, ತಲೆ ಎಣಿಸಿದೆ.
ಕುಳಿತವರು ಹನ್ನೊಂದು, ನಿಂತವರು ಆರು.
ಕೆಳಗಿನ ಫಲಕದಲ್ಲಿ ಹೆಸರು ಹದಿನಾರೇ.
ಲೆಕ್ಕ ತಪ್ಪಿದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.
ಮತ್ತೆ ಹಿಂದಿನಿಂದ ಎಣಿಸುತ್ತ ಬಂದೆ:
ಮೂರನೆಯ ದೊರೆಯ ಕುರ್ಚಿಯ ಆಚೆ
ಎಲೆಯಡಿಕೆ ತಟ್ಟೆ ಹಿಡಿದ ಒಂದು ಕೈ,
ಅರ್ಧ ಮುಖ, ಚೌಕಟ್ಟಿಗೆ ತಾಗಿದ ಹೆಗಲು.
'ಅದು ಯಾರೂ ಅಲ್ಲ,' ಎಂದರು ತೋರಿಸುವ ಶಾನಭಾಗ ಮೇಡಂ,
'ಜಾಗ ಖಾಲಿ ಕಾಣಬಾರದೆಂದು ಬರೆದದ್ದು.'

ನನಗೆ ಅವನ ಗುರುತು ಸಿಕ್ಕಿತು.
ಫುಟ್‌ಬೋರ್ಡಿನವ.
ಒಳಗೂ ಇಲ್ಲ, ಬಿದ್ದೂ ಇಲ್ಲ.

ಹಿಂದಿನ ಜಗಲಿಯಲ್ಲಿ ಕಾವಿ ಗೋಡೆ,
ಚಿಪ್ಪಿಸುಣ್ಣದ ಬಿಳಿಯಲ್ಲಿ ಕೆಮ್ಮಣ್ಣ ಕೆಂಪು.
ಕೆತ್ತಿದವನು ಒಂದು ದೋಣಿ ಬರೆದು
ಅದರಲ್ಲಿ ಹಿಡಿಸಲಾರದಷ್ಟು ಮಂದಿಯನ್ನು ತುಂಬಿದ್ದಾನೆ.
ಒಬ್ಬನಂತೂ ಹುಟ್ಟಿನ ಮೇಲೇ ಕೂತಿದ್ದಾನೆ.
ನಗು ಬಂತು. ಶನಿವಾರದ ಸಂಜೆ ಟ್ರಿಪ್ಪು.

ತೋಟದಲ್ಲಿ ನೀರಿಲ್ಲದ ಕಾರಂಜಿ, ಗಿಡಕ್ಕೊಂದು ತಗಡಿನ ಬೋರ್ಡು,
ಯಾವ ದೇಶದಿಂದ, ಯಾವ ಹಡಗಿನಲ್ಲಿ ಬಂದದ್ದೆಂದು.
ಕಸ ಗುಡಿಸುತ್ತಿದ್ದ ಹನುಮಿ ಗೌಡ
'ಓ, ಕಂಡಕ್ಟರು! ಪಾಸು ಕೇಳೂಕೆ ಇಲ್ಲಿಗೂ ಬಂದ್ರಾ' ಎಂದಳು.
ಬೋರ್ಡಿಲ್ಲದ ಒಂದು ಸುರಗಿ ಮರ ತೋರಿಸಿ ಕೇಳಿದೆ.
'ಅದನ್ನ ಯಾರೂ ತರಲಿಲ್ಲ.
ಅದು ಇತ್ತು.'

ಹೊರಗೆ ಹಾರ್ನು. ಜಟ್ಟಿಯದೇ.
ಬಾಗಿಲ ಬಳಿ, ಗಾಜಿನ ಪೆಟ್ಟಿಗೆಯಲ್ಲಿ,
ಹಿತ್ತಾಳೆ ಪಟ್ಟಿ ಕಟ್ಟಿದ ಗೇಣಿ ಕೊಳಗ.
ಅಜ್ಜ ಅದರ ಬಾಯಿ ಇಷ್ಟಗಲ ಎಂದು
ಎರಡೂ ತೋಳು ಚಾಚಿ ತೋರಿಸುತ್ತಿದ್ದ,
ಬೆರಳ ತುದಿ ಇನ್ನೂ ಆಚೆಗೆ ನಡುಗುತ್ತಿತ್ತು.
ಕೊಳಗ ನನ್ನ ಟಿಕೆಟ್ ಚೀಲಕ್ಕಿಂತ ತುಸು ದೊಡ್ಡದು.
ಅಜ್ಜ ಸುಳ್ಳು ಹೇಳುವವನಲ್ಲ.
ಗಾಜಿನ ಮೇಲೆ ನನ್ನ ಉಸಿರು ಕಟ್ಟಿತು, ಒರೆಸಿದೆ,
ಮತ್ತೂ ಅಷ್ಟೇ ಇತ್ತು.

ಮತ್ತೆ ಹಾರ್ನು. ಓಡಿದೆ.
ಸಾಣಿಕಟ್ಟೆಯ ಉಪ್ಪಿನ ರಾಶಿಗಳು ಕಾಣುವಾಗ
ಜೇಬಿನಲ್ಲಿ ಆ ಟಿಕೆಟ್ಟು ಕೈಗೆ ಸಿಕ್ಕಿತು.
'ಅಯ್ಯೋ, ಚಿಲ್ಲರೆ!' ಎಂದೆ.
ಎದುರು ಸೀಟಿನ ಮೀನಿನ ಬುಟ್ಟಿಯವಳು
ಹೊಟ್ಟೆ ತುಂಬ ನಕ್ಕಳು: 'ಈಗ ಗೊತ್ತಾಯ್ತಾ?'

ಆಮೇಲೆ ದಿನಕ್ಕೆ ನಾಲ್ಕು ಸಲ ಅದೇ ಗೇಟು.
ಹುಡುಗ ಒಮ್ಮೊಮ್ಮೆ ಮೂರು ನೋಟು ಎತ್ತಿ ತೋರಿಸುತ್ತಾನೆ.
ನಾನು ಇನ್ನೊಮ್ಮೆ ಎಂದು ಕೈ ಆಡಿಸುತ್ತೇನೆ.
ಇರಲಿ.
ನಮ್ಮ ಮನೆಗೆ ಅರಮನೆಯಿಂದ ಬರಬೇಕಾದ ಬಾಕಿ
ಬರವಣಿಗೆಯಲ್ಲಿ ಇರುವುದು
ಇದೊಂದೇ.